ಹೆಸರಿನ ತ್ಯಾಗ

ಕಳೆದ ಶ್ರಾವಣಮಾಸದ ಒಂದು ಶನಿವಾರ ಸಂಜೆ, ಹಳೆಯ ಮೈಸೂರು ಸೀಮೆಯ ಒಂದು ತಾಲ್ಲೂಕು ಪಟ್ಟಣದಲ್ಲಿ, ನನ್ನ ಮೊಬೈಲಿನ ಚಾರ್ಜರ್ ಕೆಟ್ಟುಹೋದುದರಿಂದ, ಬಸ್ಸು ನಿಲ್ದಾಣದ ಎದುರಿನ ಸಣ್ಣದೊಂದು ರಿಪೇರಿ ಅಂಗಡಿಯಲ್ಲಿ ಕಾದು ನಿಂತಿದ್ದೆನು. ಅಷ್ಟರಲ್ಲಿ ಎಪ್ಪತ್ತು ದಾಟಿದ ತಾಯಿಯೊಬ್ಬರು, ಹೂವು ಹಣ್ಣು ಕಾಯಿಗಳ ಚೀಲವನ್ನು ಬಗಲಿಗೆ ಸಿಕ್ಕಿಸಿಕೊಂಡು ಬಂದವರು, ಸೆರಗಿನ ಗಂಟು ಬಿಚ್ಚಿ ಒಂದು ಫೋನನ್ನು ತೆಗೆದು ಹಲಗೆಯ ಮೇಲಿಟ್ಟು, “ನಮ್ಮ ಮೊಮ್ಮಗ ಕೊಡಿಸಿರೋ ಜಿಯೋ ಕಣಪ್ಪ ಇದು. ಕರೆನ್ಸಿ ಮುಗಿದೋಗದೆ, ಹಾಕ್ಕೊಡು” ಎಂದರು. ಅಂಗಡಿಯ ಹುಡುಗ ಅದನ್ನು ತಿರುಗಿಸಿ ನೋಡಿ, “ಇದು ಜಿಯೋ ಅಲ್ಲ ಕಣಜ್ಜಿ. ಸೆಟ್ಟು ನೋಕಿಯಾದು, ಒಳಗಿರೋ ಸಿಮ್ಮು ಏರ್‌ಟೆಲ್‌ದು. ನೀನು ಜಿಯೋ ಜಿಯೋ ಅಂದ್ರೆ ನಾನು ಎಲ್ಲಿಗೆ ಹಾಕ್ಲಿ?” ಎಂದನು. “ಯಾವ್ದಾದ್ರೇನ್ ಮಗ, ಮಾತಾಡೋ ಜಿಯೋ ತಾನೆ” ಎಂದು ಆಕೆ ಶಾಂತವಾಗಿ ಉತ್ತರ ಕೊಟ್ಟರು.

ಓದುಬರಹ ಕಲಿತವರ ಸ್ವಭಾವಕ್ಕೆ ಅನುಗುಣವಾಗಿ ನನ್ನ ಮನಸ್ಸು ಮೊದಲು ಹುಡುಗನ ಪಕ್ಷವನ್ನೇ ವಹಿಸಿತು. ಜಿಯೋ ಎಂಬುದು ಒಂದು ಸಂಸ್ಥೆಯ ಹೆಸರು, ಆ ಸಂಸ್ಥೆ ನಡೆಸುವ ಜಾಲದ ಹೆಸರು, 2017ರಲ್ಲಿ ಅದು ಹೊರತಂದ ಒಂದು ಬಗೆಯ ಫೋನಿನ ಹೆಸರೂ ಹೌದು. ಆದರೆ ಲೋಕದಲ್ಲಿರತಕ್ಕ ಸಮಸ್ತ ಫೋನುಗಳಿಗೂ ಅದು ಹೆಸರಾಗುವುದು ಹೇಗೆ? ಮರುಕ್ಷಣವೇ ನನಗೆ ನಮ್ಮೆಲ್ಲರ ಬಾಯಿಯ ಅಭ್ಯಾಸ ನೆನಪಾಯಿತು. ವನಸ್ಪತಿಯನ್ನು ನಾವು ಡಾಲ್ಡಾ ಎಂದೆವು. ಕಾಗದದ ಪ್ರತಿ ತೆಗೆಯುವ ಅಂಗಡಿಯ ಮೇಲೆ, ಒಳಗಿರುವ ಯಂತ್ರ ಯಾರು ಮಾಡಿದ್ದಾದರೂ ಸರಿಯೆ, ಜೆರಾಕ್ಸ್ ಎಂದು ಬರೆಯಿಸಿದೆವು. ಗುಂಡಿ ಒತ್ತುವ ಸೆಟ್ಟುಗಳ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಮೊಬೈಲಿಗೆ ನೋಕಿಯಾ ಎಂಬುದೇ ಹೆಸರಾಗಿದ್ದಿತು. ಗಾಜಿನ ಮುಖವನ್ನು ಬೆರಳಿನಿಂದ ಸವರತಕ್ಕ ಫೋನಿಗೆ ಈಗ ಹಳ್ಳಿಗಳಲ್ಲಿ ಆಂಡ್ರಾಯ್ಡ್ ಎನ್ನುತ್ತಾರೆ. ಅದು ಆ ಯಂತ್ರದ ಹೆಸರೂ ಅಲ್ಲ, ತಯಾರಿಸಿದವರ ಹೆಸರೂ ಅಲ್ಲ, ಕಣ್ಣಿಗೆ ಕಾಣದೆ ಒಳಗಿದ್ದು ಯಂತ್ರವನ್ನು ನಡೆಸುವ ತಂತ್ರಾಂಶದ ಹೆಸರು. ತರಕಾರಿ ಮಾರುವಾಕೆ ‘ಫೋನ್‌ಪೇ ಮಾಡಿ’ ಎನ್ನುತ್ತಾಳೆ. ಕೊಳ್ಳುವಾತ ಬೇರೊಂದು ಸಂಸ್ಥೆಯ ಮೂಲಕ ಹಣ ಸಲ್ಲಿಸಿ ‘ಫೋನ್‌ಪೇ ಮಾಡಿದ್ದೇನೆ’ ಎನ್ನುತ್ತಾನೆ. ಹಣವೂ ತಲಪುತ್ತದೆ, ಮಾತೂ ತಲಪುತ್ತದೆ. ಮಾತು ತಲಪಿದ ಮೇಲೆ ಅದನ್ನು ತಪ್ಪೆನ್ನಲು ನಮಗಿರುವ ಅಧಿಕಾರವೇನು ಎಂಬ ಜಿಜ್ಞಾಸೆ ಅಂದು ಅಂಗಡಿಯ ಮುಂದೆ ನಿಂತಲ್ಲಿಯೇ ನನ್ನನ್ನು ಹಿಡಿದುಕೊಂಡಿತು.

ಈ ಜಿಜ್ಞಾಸೆ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದದ್ದು. ‘ಗೋವು’ ಎಂಬ ಪದವನ್ನು ಉಚ್ಚರಿಸಿದಾಗ ಅದು ಎದುರಿಗೆ ನಿಂತ ಒಂದು ಹಸುವನ್ನು ಹೇಳುತ್ತದೆಯೋ, ಎಲ್ಲ ಹಸುಗಳಲ್ಲಿಯೂ ಸಮಾನವಾಗಿರುವ ಗೋತ್ವವನ್ನು ಹೇಳುತ್ತದೆಯೋ ಎಂಬ ವಿಷಯದಲ್ಲಿ ಪಾಣಿನಿಯ ಅನಂತರದ ವೈಯಾಕರಣರು ಎರಡು ಪಂಗಡವಾದರು. ವ್ಯಾಡಿಯು ಪದದ ಅರ್ಥ ದ್ರವ್ಯವೆಂದನು, ವಾಜಪ್ಯಾಯನನು ಆಕೃತಿಯೆಂದನು; ಪತಂಜಲಿಯು ಪಾಣಿನಿಗೆ ಎರಡೂ ಸಮ್ಮತವೆಂದು ತೋರಿಸಿಕೊಟ್ಟನು. ಗೌತಮನ ನ್ಯಾಯಸೂತ್ರವು ವ್ಯಕ್ತಿ, ಆಕೃತಿ, ಜಾತಿ ಈ ಮೂರೂ ಪದದ ಅರ್ಥವೆಂದು ನಿರ್ಣಯಿಸಿತು. ಇಲ್ಲಿ ಜಾತಿಯೆಂದರೆ ಸಮಾಜದಲ್ಲಿ ಮನುಷ್ಯರನ್ನು ಒಡೆದಿರುವ ಆ ಜಾತಿಯಲ್ಲ. ಅನೇಕ ವಸ್ತುಗಳನ್ನು ಒಂದೆಂದು ಅರಿಯುವಂತೆ ಮಾಡುವ ಸಾಮಾನ್ಯಧರ್ಮ. ಆ ಸೂತ್ರಕ್ಕೆ ಭಾಷ್ಯವನ್ನು ರಚಿಸಿದ ವಾತ್ಸ್ಯಾಯನನು ಹೇಳಿದ ಒಂದು ಮಾತು ನನಗೆ ಇಡೀ ವಿವಾದದ ಕೀಲಿಕೈಯಂತೆ ತೋರುತ್ತದೆ: ಮಾತನಾಡುವವನಿಗೆ ಭೇದವನ್ನು ತಿಳಿಸುವ ಇಚ್ಛೆ ಇದ್ದಾಗ ವ್ಯಕ್ತಿಯು ಪ್ರಧಾನವಾಗಿ ಉಳಿದೆರಡು ಅದಕ್ಕೆ ಅಂಗವಾಗುತ್ತವೆ, ಭೇದದಲ್ಲಿ ಅಪೇಕ್ಷೆ ಇಲ್ಲದಾಗ ಜಾತಿಯು ಪ್ರಧಾನವಾಗುತ್ತದೆ. ಅಜ್ಜಿಗೆ ಬೇಕಾಗಿದ್ದುದು ಮೊಮ್ಮಗನ ದನಿ. ಆ ದನಿಯನ್ನು ತರುವ ಸಾಧನ ಯಾವುದಾದರೂ ಆಕೆಗೆ ಒಂದೇ. ಆಕೆಯ ಬಾಯಲ್ಲಿ ಜಿಯೋ ಎಂಬುದು ಜಾತಿವಾಚಕ. ಹುಡುಗನಿಗಾದರೋ ಯಾವ ಸಂಸ್ಥೆಯ ಲೆಕ್ಕಕ್ಕೆ ಹಣ ಕಟ್ಟಬೇಕೆಂಬುದು ತಿಳಿಯದೆ ಕೈ ಆಡದು; ಅವನಿಗೆ ಭೇದವೇ ಬೇಕು. ಒಂದೇ ಶಬ್ದ, ಇಬ್ಬರ ವಿವಕ್ಷೆ ಬೇರೆ, ಇಬ್ಬರೂ ತಮ್ಮ ತಮ್ಮ ವ್ಯವಹಾರದಲ್ಲಿ ಸರಿ.

ಪತಂಜಲಿಯ ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿಯೇ ಇನ್ನೊಂದು ಸೊಗಸಾದ ದೃಷ್ಟಾಂತವಿದೆ. ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ತನಗೊಂದು ಗಡಿಗೆ ಮಾಡಿಕೊಡೆಂದು ಕೇಳುತ್ತಾನೆ. ಆದರೆ ಶಬ್ದ ಬೇಕಾದವನು ಯಾರೂ ವೈಯಾಕರಣನ ಮನೆಗೆ ಹೋಗಿ ತನಗಷ್ಟು ಶಬ್ದ ಮಾಡಿಕೊಡೆಂದು ಕೇಳುವುದಿಲ್ಲ. ಲೋಕದಲ್ಲಿ ಶಬ್ದಗಳಾಗಲೇ ಇವೆ, ಜನ ಅವನ್ನು ಬಳಸುತ್ತಾರೆ. ನಮ್ಮ ಕಾಲದಲ್ಲಿ ಒಂದು ವಿಶೇಷವುಂಟಾಗಿದೆ. ಗಡಿಗೆ ಮಾಡುವವನೇ ಗಡಿಗೆಯ ಜತೆಗೆ ಅದರ ಶಬ್ದವನ್ನೂ ಮಾಡಿ, ಅದಕ್ಕೆ ಮುದ್ರೆಯೊತ್ತಿ, ನೋಂದಣಿ ಮಾಡಿಸಿ, ಮಾರುಕಟ್ಟೆಗೆ ಕಳಿಸುತ್ತಾನೆ. ಪತಂಜಲಿಯು ಹೇಳಿದ ನಾಲ್ಕು ಬಗೆಯ ಶಬ್ದಗಳಲ್ಲಿ, ಜಾತಿ ಗುಣ ಕ್ರಿಯೆಗಳನ್ನು ಹೇಳುವ ಮೂರನ್ನು ಬಿಟ್ಟರೆ ಉಳಿಯುವ ನಾಲ್ಕನೆಯದಾದ ಯದೃಚ್ಛಾಶಬ್ದವೆಂದರೆ ಇದೇ: ಇಟ್ಟವನ ಇಚ್ಛೆಯೊಂದೇ ಆಧಾರವಾಗಿರತಕ್ಕ ಹೆಸರು. ಆದರೆ ಗಡಿಗೆ ಒಮ್ಮೆ ಮನೆ ಸೇರಿದ ಮೇಲೆ ಅದಕ್ಕೆ ನೀರು ತುಂಬುವುದೋ ಕಾಳು ತುಂಬುವುದೋ ಎಂಬುದನ್ನು ಕುಂಬಾರನು ಹೇಗೆ ನಿಯಮಿಸಲಾರನೋ ಹಾಗೆಯೇ ಹೆಸರು ಒಮ್ಮೆ ಜನರ ನಾಲಗೆಯನ್ನು ಸೇರಿದ ಮೇಲೆ ಅದರ ಅರ್ಥ ಎಲ್ಲಿಗೆ ಹರಿಯಬೇಕೆಂಬುದನ್ನು ಇಟ್ಟವನು ನಿಯಮಿಸಲಾರನು.

ಇದು ನಮ್ಮ ದೇಶದ ಅಕ್ಷರ ಕಲಿಯದ ಜನರ ದೋಷವೆಂದು ತಿಳಿಯುವವರು ಸ್ವಲ್ಪ ಹೊರಗೆ ನೋಡಬೇಕು. ಇಸ್ರೇಲಿನಲ್ಲಿ 1986ರಲ್ಲಿ ಮೊಟ್ಟಮೊದಲು ಮೊಬೈಲ್ ಸೇವೆಯನ್ನು ಕೊಟ್ಟ ಸಂಸ್ಥೆ ‘ಪೆಲೆಫೋನ್’ ಎಂದು ಹೆಸರಿಟ್ಟುಕೊಂಡಿತು. ‘ಪೆಲೆ’ ಎಂದರೆ ಹೀಬ್ರೂ ಭಾಷೆಯಲ್ಲಿ ಅದ್ಭುತ. ಆಮೇಲೆ ಪ್ರತಿಸ್ಪರ್ಧಿಗಳು ಬಂದರು; ಅವರು ಮಾರಿದ್ದನ್ನೂ ಜನ ಪೆಲೆಫೋನ್ ಎಂದೇ ಕರೆದರು. ಸ್ವಿಟ್ಜರ್ಲೆಂಡಿನಲ್ಲಿ ‘ರಾಷ್ಟ್ರೀಯ ವಾಹನ ದೂರವಾಣಿ’ ಎಂಬ ಅರ್ಥದ ಜರ್ಮನ್ ಮಾತನ್ನು ಸಂಕ್ಷೇಪಿಸಿ 1978ರಲ್ಲಿ ಅಲ್ಲಿನ ಅಂಚೆ ಮತ್ತು ತಂತಿ ಇಲಾಖೆ ‘ನಾಟೆಲ್’ ಎಂಬ ಹೆಸರನ್ನು ಹುಟ್ಟಿಸಿತು. 2017ರಲ್ಲಿ ಅದರ ಉತ್ತರಾಧಿಕಾರಿ ಸಂಸ್ಥೆ ತಾನೇ ಆ ಹೆಸರನ್ನು ಕೈಬಿಟ್ಟಿತು. ಆ ವೇಳೆಗೆ ಅದು ಯಾವ ಮೊಬೈಲಿಗೂ ಸಲ್ಲುವ ಮನೆಮಾತಾಗಿದ್ದಿತು. ಫಿನ್‌ಲೆಂಡಿನಲ್ಲಿ ನೋಕಿಯಾದವರು ಇಟ್ಟ ‘ಕನ್ನುಕ್ಕ’ ಎಂಬ ಹೆಸರು, ಅಂಗೈಯನ್ನು ನೆನಪಿಗೆ ತರತಕ್ಕ ಮುದ್ದಾದ ಮಾತು, ಇದೇ ದಾರಿ ಹಿಡಿದು ಎಲ್ಲರದ್ದಾಯಿತು.

ಹೊರಗೆ ಹೋಗುವುದೇಕೆ, ನಮ್ಮ ಅಡಿಗೆಮನೆಯಲ್ಲಿಯೇ ಇದಕ್ಕಿಂತ ಹಿರಿದಾದ ಸಾಕ್ಷ್ಯವಿದೆ. ಎಣ್ಣೆ ಎಂಬ ನಮ್ಮ ಮಾತು ಎಳ್ಳು, ನೆಯ್ ಎಂಬೆರಡು ಮಾತುಗಳು ಬೆಸೆದು ಆದದ್ದು. ಎಳ್ಳಿನ ಸ್ನೇಹದ್ರವ್ಯ ಎಂದಷ್ಟೇ ಅದರ ಮೂಲಾರ್ಥ. ಸಂಸ್ಕೃತದ ತೈಲ ಶಬ್ದದ ಕಥೆಯೂ ಇದೇ. ತಿಲದಿಂದ ಬಂದದ್ದು ತೈಲ. ಎರಡು ಬೇರೆ ಬೇರೆ ಭಾಷಾಕುಲಗಳಲ್ಲಿ ಎಳ್ಳಿನ ಹೆಸರೇ ತನ್ನ ಮೇರೆಯನ್ನು ದಾಟಿ, ಹರಳು, ಹೊಂಗೆ, ಕೊಬ್ಬರಿ, ಸಾಸಿವೆ ಎಲ್ಲವುಗಳ ರಸಕ್ಕೂ ಹೆಸರಾಗಿ ನಿಂತಿತು. ಭೂಗರ್ಭದಿಂದ ಬಂದ, ಎಳ್ಳಿನೊಡನೆ ಯಾವ ಬಾಂಧವ್ಯವೂ ಇಲ್ಲದ ದ್ರವವನ್ನು ಕೂಡ ನಮ್ಮ ಹಿರಿಯರು ಸೀಮೆಎಣ್ಣೆ ಎಂದು ಕರೆದು ಅದೇ ಮನೆತನಕ್ಕೆ ಸೇರಿಸಿಕೊಂಡರು. ಅದರ ಇಂಗ್ಲಿಷ್ ಹೆಸರಾದ ಕೆರೋಸಿನ್ ಎಂಬುದೂ 1854ರಲ್ಲಿ ಅಬ್ರಹಾಂ ಗೆಸ್ನರ್ ಎಂಬಾತ ತನ್ನ ಸ್ವಂತಕ್ಕೆಂದು ನೋಂದಾಯಿಸಿಕೊಂಡಿದ್ದ ವ್ಯಾಪಾರನಾಮವೇ ಆಗಿದ್ದಿತು. ಈ ಎಣ್ಣೆಯೆಂಬ ಹೆಸರು ತನ್ನನ್ನು ಲೋಕಕ್ಕೆ ಎಷ್ಟರಮಟ್ಟಿಗೆ ಕೊಟ್ಟುಕೊಂಡಿತೆಂದರೆ, ಕೊನೆಗೆ ಎಳ್ಳಿನದಕ್ಕೆ ಅದು ಸಾಲದೆ ಹೋಗಿ, ನಾವು ‘ಎಳ್ಳೆಣ್ಣೆ’ ಎಂದು ಎಳ್ಳನ್ನು ಎರಡು ಸಲ ಹೇಳಬೇಕಾಯಿತು. ತಿಲತೈಲ ಎನ್ನುವಾಗ ಸಂಸ್ಕೃತದವರಿಗೂ ಬಂದ ಪಾಡು ಅದೇ. ನಮ್ಮ ಕಣ್ಣೆದುರಿನಲ್ಲಿ ಫೋನೆಂಬ ಹೆಸರು ಮೊಬೈಲಿಗೆ ಸಂದುಹೋಗಿ, ಮೇಜಿನ ಮೇಲೆ ಕುಳಿತಿದ್ದ ಹಳೆಯ ಫೋನು ‘ಲ್ಯಾಂಡ್‌ಲೈನ್’ ಎಂಬ ವಿಶೇಷಣವನ್ನು ಕಡ ತಂದುಕೊಂಡದ್ದನ್ನು ನಾವು ಕಂಡಿಲ್ಲವೆ?

ವ್ಯಾಪಾರದ ನ್ಯಾಯವು ಇದನ್ನು ನಾಶವೆಂದು ಭಾವಿಸುತ್ತದೆ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಅಧಿನಿಯಮದ ಪ್ರಕಾರ, ಪ್ರಚಲಿತ ಭಾಷೆಯಲ್ಲಿ ರೂಢಿಗೆ ಬಂದುಬಿಟ್ಟ ಮಾತನ್ನು ಯಾರೂ ತಮ್ಮ ಗುರುತೆಂದು ನೋಂದಾಯಿಸಿಕೊಳ್ಳುವಂತಿಲ್ಲ. ಅಮೆರಿಕದಲ್ಲಿ 1921ರ ಒಂದು ತೀರ್ಪು ಆಸ್ಪಿರಿನ್ ಎಂಬ ಹೆಸರು ಸಾಮಾನ್ಯ ಜನರ ಮಾತಾಗಿ ಹೋಗಿದೆಯೆಂದು ಹೇಳಿ ಅದನ್ನು ಒಡೆಯರ ಕೈಯಿಂದ ಬಿಡಿಸಿತು. ಲಕ್ಷಾಂತರ ಹಣ ಸುರಿದು ಹೆಸರನ್ನು ಬೆಳೆಸಿದವನು, ಅದು ಅತಿಯಾಗಿ ಬೆಳೆದ ದಿನ ಅದನ್ನು ಕಳೆದುಕೊಳ್ಳುತ್ತಾನೆ. ಒಡೆಯನ ದುಃಖ ನನಗೆ ಅರ್ಥವಾಗುತ್ತದೆ. ಆದರೆ ಹೆಸರಿನ ಕಡೆಯಿಂದ ನೋಡಿದರೆ ಇದನ್ನು ನಾಶವೆನ್ನಲು ನನಗೆ ಮನಸ್ಸೊಪ್ಪದು. ‘ಇದು ನನ್ನದು’ ಎಂಬ ಮಮಕಾರದ ಹಗ್ಗ ಕಡಿದು, ಯಾರದೂ ಅಲ್ಲದ್ದಾಗಿ, ಆದ್ದರಿಂದಲೇ ಎಲ್ಲರದೂ ಆಗಿ ಬಾಳುವ ಸ್ಥಿತಿಗೆ ನಮ್ಮ ಶಾಸ್ತ್ರಗಳು ಬೇರೊಂದು ಹೆಸರನ್ನು ಕೊಟ್ಟಿವೆ. ಮನುಷ್ಯನಿಗೆ ಹೇಳಿದ ಆ ತ್ಯಾಗ ಶಬ್ದಕ್ಕೆ ಏಕೆ ಸಲ್ಲಬಾರದು?

ಉಪನಿಷತ್ತುಗಳಲ್ಲಿ ಬರುವ ಪ್ರಾಣಸಂವಾದವನ್ನು ನಾನು ಈ ಬೆಳಕಿನಲ್ಲಿಯೇ ಓದುತ್ತೇನೆ. ವಾಕ್ಕು, ಕಣ್ಣು, ಕಿವಿ, ಮನಸ್ಸುಗಳು ತಮ್ಮತಮ್ಮಲ್ಲಿ ಯಾರು ಶ್ರೇಷ್ಠರೆಂದು ವಿವಾದ ಹೂಡಿ, ಒಂದೊಂದೂ ಒಂದೊಂದು ವರ್ಷ ದೇಹವನ್ನು ಬಿಟ್ಟುಹೋಗಿ ಮರಳಿ ಬಂದು ನೋಡಿದರೆ, ದೇಹ ಮೂಕವಾಗಿಯೋ ಕುರುಡಾಗಿಯೋ ಕಿವುಡಾಗಿಯೋ ಹೇಗೋ ಬದುಕಿಯೇ ಇದ್ದಿತು. ಆದರೆ ಪ್ರಾಣವು ಹೊರಡಲು ಅಣಿಯಾದೊಡನೆ, ಜಾತಿವಂತ ಕುದುರೆಯು ತನ್ನನ್ನು ಕಟ್ಟಿದ ಗೂಟಗಳನ್ನು ಕಿತ್ತೆಳೆಯುವ ಹಾಗೆ, ಉಳಿದೆಲ್ಲ ಇಂದ್ರಿಯಗಳೂ ಬೇರುಸಹಿತ ಕಿತ್ತುಬರತೊಡಗಿದುವು. ಆದಕಾರಣವೇ ಅವೆಲ್ಲಕ್ಕೂ ‘ಪ್ರಾಣಗಳು’ ಎಂದು ಹೆಸರಾಯಿತೆಂದು ಶ್ರುತಿ ಹೇಳುತ್ತದೆ. ಹಲವರಲ್ಲಿ ಒಬ್ಬನ ಹೆಸರು ಎಲ್ಲರ ಹೆಸರಾದುದಕ್ಕೆ ಇಷ್ಟು ಹಳೆಯ, ಇಷ್ಟು ಸ್ಪಷ್ಟವಾದ ನಿದರ್ಶನ ಬೇರೆಲ್ಲಿದೆಯೋ ನಾನರಿಯೆ. ಪ್ರಾಣವು ತನ್ನ ಹೆಸರನ್ನು ಇತರರ ಮೇಲೆ ಹೇರಲಿಲ್ಲ. ಉಳಿದವು ಅದರಿಂದ ಬದುಕಿದುವು, ಆದ್ದರಿಂದ ಅದರ ಹೆಸರನ್ನು ಹೊತ್ತುವು.

ಇಷ್ಟರಿಂದ ಎಲ್ಲ ವ್ಯಾಪ್ತಿಯೂ ತ್ಯಾಗವೆಂದು ಹೇಳಿದರೆ ಮಾತು ಸುಳ್ಳಾಗುತ್ತದೆ. ನನಗೆ ಪರಿಚಯದ ಒಬ್ಬ ಕಾಲೇಜು ವಿದ್ಯಾರ್ಥಿ, ಒಳ್ಳೆಯ ಹುಡುಗ, ಗೆಳೆಯರೆದುರಿಗೆ ತನ್ನ ಫೋನನ್ನು ಜೇಬಿನಿಂದ ಹೊರಗೆ ತೆಗೆಯಲು ನಾಚುತ್ತಿದ್ದನು. ಕಾರಣ ಕೇಳಿದರೆ, “ಫೋನು ಅಂದ್ರೆ ಐಫೋನೇ ಸಾರ್, ಇದೆಲ್ಲ ಏನು” ಎಂದನು. ಆ ಹೆಸರು ಕೂಡ 2007ರ ಜನವರಿಯಲ್ಲಿ ಆ ಫೋನು ಲೋಕಕ್ಕೆ ಪ್ರಕಟವಾದಾಗ ಸಿಸ್ಕೊ ಎಂಬ ಬೇರೊಂದು ಸಂಸ್ಥೆಯ ಹಕ್ಕಾಗಿದ್ದು, ವ್ಯಾಜ್ಯವಾಗಿ, ಮುಂದಿನ ತಿಂಗಳು ರಾಜಿಯಾಯಿತೆಂಬುದು ಅವನಿಗೆ ತಿಳಿಯದು. ತಿಳಿದರೂ ಅವನ ನಾಚಿಕೆ ನೀಗುತ್ತಿರಲಿಲ್ಲ. ಅಜ್ಜಿಯ ಮಾತನ್ನೂ ಈ ಹುಡುಗನ ಮಾತನ್ನೂ ಎದುರುಬದುರು ಇಟ್ಟು ನೋಡಿ. ಎರಡರಲ್ಲಿಯೂ ವಿಶೇಷನಾಮವು ಜಾತಿಯ ಪೀಠದಲ್ಲಿ ಕುಳಿತಿದೆ. ಆದರೆ ಅಜ್ಜಿಯ ಹೆಸರಿನ ನೆರಳಿನಲ್ಲಿ ಎಲ್ಲ ಫೋನುಗಳಿಗೂ ಸ್ಥಳವಿದೆ. ಹುಡುಗನ ಹೆಸರು ಒಂದನ್ನುಳಿದು ಮಿಕ್ಕೆಲ್ಲವನ್ನೂ ಹೊರಗೆ ನೂಕಿದೆ, ಕೊನೆಗೆ ಅವನ ಕೈಯಲ್ಲಿದ್ದುದನ್ನೂ.

ನಮ್ಮ ತಾರ್ಕಿಕರು ಈ ಅಂತರವನ್ನು ಒಂದು ಅವ್ಯಯದ ಸ್ಥಾನದಿಂದ ಗುರುತಿಸಿದರು. ಶಂಖವು ಬಿಳಿಯದೇ ಎಂದಾಗ ಶಂಖಕ್ಕೆ ಬಿಳುಪಿಲ್ಲವೆಂಬ ಶಂಕೆಯಷ್ಟೇ ನಿವಾರಣೆಯಾಗುತ್ತದೆ. ಹಾಲೂ ಬಿಳಿಯದಾಗಿರಬಹುದು, ಅದಕ್ಕೆ ಅಡ್ಡಿಯಿಲ್ಲ. ಪಾರ್ಥನೇ ಬಿಲ್ಲುಗಾರನೆಂದಾಗಲಾದರೋ ಬಿಲ್ಲುಗಾರಿಕೆಯು ಮಿಕ್ಕೆಲ್ಲರಿಗೂ ತಪ್ಪಿಹೋಗುತ್ತದೆ. ಮೊದಲನೆಯದನ್ನು ಅಯೋಗವ್ಯವಚ್ಛೇದವೆಂದೂ ಎರಡನೆಯದನ್ನು ಅನ್ಯಯೋಗವ್ಯವಚ್ಛೇದವೆಂದೂ ಕರೆದರು. ಕನ್ನಡದಲ್ಲಿ ನಮಗೆ ಏಕಾರವೊಂದೇ ಸಾಕು: ‘ಇದು ಫೋನೇ’ ಎಂಬುದಕ್ಕೂ ‘ಇದೇ ಫೋನು’ ಎಂಬುದಕ್ಕೂ ಇರುವ ದೂರವನ್ನು ಶಾಲೆಯ ಮಗುವೂ ಬಲ್ಲುದು. ದೇವರ ವಿಷಯದಲ್ಲಿ ಮನುಷ್ಯರು ಹರಿಸಿದ ರಕ್ತವನ್ನು ನೆನೆದಾಗ, ಅದರಲ್ಲಿ ಬಹುಪಾಲು ಈ ಏಕಾರವನ್ನು ಒಂದು ಪದದಿಂದ ಕಿತ್ತು ಇನ್ನೊಂದು ಪದಕ್ಕೆ ಅಂಟಿಸಿದುದರಿಂದ ಹರಿದುದೆಂದು ನನಗೆ ಅನ್ನಿಸುತ್ತದೆ. ‘ನಮ್ಮ ಸ್ವಾಮಿ ದೇವರೇ’ ಎಂಬುದು ಭಕ್ತಿ. ‘ನಮ್ಮ ಸ್ವಾಮಿಯೇ ದೇವರು’ ಎಂಬುದು ಕೆಲವು ಸಲ ಭಕ್ತಿಯ ಪರಾಕಾಷ್ಠೆ, ಬಹಳ ಸಲ ಸ್ವಾಮ್ಯದ ಘೋಷಣೆ.

ಕೆಲವು ಸಲ ಎಂದೆ, ಏಕೆಂದರೆ ಇಲ್ಲಿ ಅವಸರದ ತೀರ್ಪು ಸಲ್ಲದು. ಹನ್ನೆರಡನೆಯ ಶತಮಾನದ ಶರಣರ ಅಂಕಿತಗಳನ್ನು ನೋಡಿ. ಕೃಷ್ಣೆ ಮಲಪ್ರಭೆಗಳು ಕೂಡುವೆಡೆಯ ಒಂದು ಗುಡಿಯ ದೇವರ ಹೆಸರು ಬಸವಣ್ಣನವರಿಗೆ, ಶ್ರೀಶೈಲದ ಗುಡಿಯ ದೇವರ ಹೆಸರು ಅಕ್ಕಮಹಾದೇವಿಗೆ, ಸರ್ವಸಾಕ್ಷಿಯಾದ ಪರವಸ್ತುವಿನ ಹೆಸರಾಯಿತು. ಬಸವಣ್ಣನವರು ಭಯದಿಂದ ಪೂಜೆಗೊಳ್ಳುವ ಅನೇಕ ದೈವಗಳನ್ನು ಕಟುವಾಗಿ ನಿರಾಕರಿಸಿದರು. ಅವರ ಏಕಾರ ಮೃದುವಾದದ್ದಲ್ಲ. ಆದರೂ ಕೂಡಲಸಂಗಮನೆಂಬ ಹೆಸರು ಅವರ ಬಾಯಲ್ಲಿ ನದಿಯ ದಡದ ಕಲ್ಲುಕಟ್ಟಡಕ್ಕೆ ಅಂಟಿ ನಿಲ್ಲಲಿಲ್ಲ. ಅಂಗೈಯ ಲಿಂಗಕ್ಕೆ ಬಂದಿತು, ದುಡಿಯುವವನ ಕಾಯಕಕ್ಕೆ ಬಂದಿತು, ಸ್ಥಾವರವಾಗಿದ್ದ ನಾಮ ಜಂಗಮವಾಯಿತು. ಗೋಡೆಗೆ ಕಟ್ಟಿದ್ದ ತಂತಿಯನ್ನು ಕಳಚಿಕೊಂಡು ಅಂಗೈಗೆ ಬಂದ ಈ ಯಂತ್ರಕ್ಕೆ ‘ಜಂಗಮವಾಣಿ’ ಎಂದು ಹೆಸರಿಟ್ಟ ಕನ್ನಡಿಗರ ಮನಸ್ಸಿನಲ್ಲಿ ಆ ಹಳೆಯ ವಿವೇಕ ಎಲ್ಲಿಯೋ ಮಿಡಿದಿರಬೇಕು. ಯಾವ ಸಂಸ್ಥೆಯ ಸೊತ್ತೂ ಅಲ್ಲದ ಆ ಶಬ್ದ ಬರಹದಲ್ಲಿ ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ, ಸಂತೆಯಲ್ಲಿ ಕೇಳಿಸುವುದಿಲ್ಲ. ನನಗೆ ಅದು ಬಹು ಪ್ರಿಯವಾದುದರಿಂದ ಇದನ್ನು ವ್ಯಸನದಿಂದಲೇ ಬರೆಯುತ್ತಿದ್ದೇನೆ.

ಉಡುಪಿಯ ಆಚಾರ್ಯ ಮಧ್ವರು ಇನ್ನೊಂದು ದಾರಿಯಿಂದ ಇದೇ ಶಿಖರವನ್ನು ಹತ್ತಿದರು. ಅವರ ಸಿದ್ಧಾಂತದಲ್ಲಿ ಇಂದ್ರ, ಅಗ್ನಿ ಮೊದಲಾದ ದೇವತೆಗಳ ಹೆಸರುಗಳಷ್ಟೇ ಅಲ್ಲ, ಸಮಸ್ತ ಶಬ್ದಗಳೂ ಪರಮಮುಖ್ಯವೃತ್ತಿಯಿಂದ ವಿಷ್ಣುವನ್ನೇ ಹೇಳುತ್ತವೆ. ನಾವು ದಿನದಿನದ ವ್ಯವಹಾರದಲ್ಲಿ ಆ ಶಬ್ದಗಳಿಗೆ ಕೊಡುವ ಅರ್ಥ ಅನಂತರದ್ದು. ಇತರರ ದೇವತೆಗಳ ಹೆಸರುಗಳನ್ನೆಲ್ಲ ಒಬ್ಬನ ಭಂಡಾರಕ್ಕೆ ಸೇರಿಸಿಕೊಂಡಂತಾಯಿತೆಂದು ಆಕ್ಷೇಪಿಸುವವರುಂಟು. ನನಗೆ ಹಾಗೆ ತೋರದು. ಎಲ್ಲ ಶಬ್ದವೂ ಅವನದೆಂದು ನಿಜವಾಗಿ ನಂಬಿದವನಿಗೆ ಯಾವ ಶಬ್ದವನ್ನೂ ತನ್ನದೆನ್ನಲು ಬಾಯಿ ಬಾರದು, ಇನ್ನೊಬ್ಬನ ಪ್ರಾರ್ಥನೆಯ ಶಬ್ದವನ್ನು ತುಚ್ಛೀಕರಿಸಲೂ ಬಾರದು.

ಅಂಗಡಿಯ ಹುಡುಗನ ಪಕ್ಷವನ್ನೂ ಇಲ್ಲಿ ಪೂರ್ತಿಯಾಗಿ ಹೇಳಬೇಕು. ಅವನ ಹಿಂದೆ ಮೀಮಾಂಸಕ ಜೈಮಿನಿಯಂಥವನು ನಿಂತಿದ್ದಾನೆ. ಯಾಗದಲ್ಲಿ ಭತ್ತ ದೊರೆಯದಿದ್ದರೆ ಕಾಡುಭತ್ತವಾದ ನೀವಾರವನ್ನು ತರಬಹುದು, ಸೋಮಲತೆ ದೊರೆಯದಿದ್ದರೆ ಪೂತಿಕವನ್ನು ತರಬಹುದು, ದ್ರವ್ಯಕ್ಕೆ ಪ್ರತಿನಿಧಿಯುಂಟು. ಆದರೆ ದೇವತೆಗೂ ಮಂತ್ರಕ್ಕೂ ಪ್ರತಿನಿಧಿಯಿಲ್ಲ. ಅಗ್ನಿಗೆಂದು ವಿಧಿಸಿದ ಹವಿಸ್ಸನ್ನು ಪಾವಕನಿಗೆಂದು ಕೊಡುವಂತಿಲ್ಲ. ಕೋಶದಲ್ಲಿ ಅವೆರಡು ಪರ್ಯಾಯವಾದರೂ ಕರ್ಮದಲ್ಲಿ ವಿಧಿಯ ಶಬ್ದವೇ ಬೇಕು. ವಸ್ತುವನ್ನು ಬದಲಿಸು, ಹೆಸರನ್ನು ಬದಲಿಸಬೇಡ ಎಂಬ ಈ ನಿಯಮ ಮೊದಲು ಓದಿದಾಗ ನನಗೆ ವಿಚಿತ್ರವಾಗಿ ಕಂಡಿದ್ದಿತು. ಏರ್‌ಟೆಲ್ ಸಿಮ್ಮಿಗೆ ಜಿಯೋ ಎಂದು ಹಣ ಕಟ್ಟಿದರೆ ಅದು ಸಲ್ಲಬೇಕಾದೆಡೆಗೆ ಸಲ್ಲದೆಂದು ಆ ಹುಡುಗ ಹೇಳಿದಾಗ ಅದರ ಹುರುಳು ಹೊಳೆಯಿತು. ಕೊಡುಗೆಯು ಹೆಸರಿನ ಮೂಲಕವೇ ತಲಪತಕ್ಕ ಜಾಗದಲ್ಲಿ ಹೆಸರಿನ ನಿಷ್ಕರ್ಷೆಯೇ ಶ್ರದ್ಧೆ.

ಹುಡುಗ ಕೊನೆಗೆ ನಂಬರು ಕೇಳಿ ತಿಳಿದು ಕರೆನ್ಸಿ ಹಾಕಿಕೊಟ್ಟನು. ಆ ತಾಯಿ ಫೋನನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಪಕ್ಕದ ದಿನಸಿ ಅಂಗಡಿಗೆ ಹೋದರು. ನನ್ನ ಚಾರ್ಜರ್ ಇನ್ನೂ ಸಿದ್ಧವಾಗಿರಲಿಲ್ಲವಾಗಿ ನಾನು ಅಲ್ಲಿಯೇ ನಿಂತು ನೋಡುತ್ತಿದ್ದೆ. ಶನಿದೇವರ ಗುಡಿಗೆ ದೀಪಕ್ಕೆ ಎಣ್ಣೆ ಬೇಕೆಂದರು. ಅಂಗಡಿಯವನು ಎದುರಿಗೆ ಜೋಡಿಸಿದ್ದ ಸಾಲುಗಳಿಂದ ‘ದೀಪದ ಎಣ್ಣೆ’ ಎಂದು ಅಚ್ಚಾಗಿದ್ದ ಒಂದು ಬಾಟಲಿಯನ್ನು ತೆಗೆದುಕೊಟ್ಟನು. ಆಕೆ ಅದನ್ನು ಬೆಳಕಿಗೆ ಹಿಡಿದು, ಮುಚ್ಚಳ ತಿರುವಿ ಮೂಸಿ, ಹಿಂದಕ್ಕೆ ಕೊಟ್ಟುಬಿಟ್ಟರು. “ಇದು ಬ್ಯಾಡ ಕಣಪ್ಪ. ಎಳ್ಳೆಣ್ಣೆ ಕೊಡು.” ಎಲ್ಲವೂ ಎಣ್ಣೆಯೇ ತಾನೆ ಎಂದು ಅವನೆಂದನು. ಆಕೆ ಅಲುಗಲಿಲ್ಲ. “ಎಣ್ಣೆ ಎಲ್ಲಾನೂ ಎಣ್ಣೆಯೇ. ನಾ ಹರಸ್ಕೊಂಡಿರೋದು ಎಳ್ಳೆಣ್ಣೆ.”